ಮನೆಯ ಆರೋಗ್ಯ: ಜ್ವರ ಹೋಯಿತು, ಕೆಮ್ಮು ಉಳಿಯಿತು

ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಮೇಲೆ ನಮ್ಮ ಮನೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ನೆಗಡಿ-ಜ್ವರದಿಂದ ಮಲಗಿದೆವು. ಜ್ವರವು ಐದನೆಯ ದಿನಕ್ಕೆ ಬಿಟ್ಟಿತು. ಕೆಮ್ಮು ಮಾತ್ರ ಯುಗಾದಿ ಸಮೀಪಿಸಿದರೂ ಬಿಡಲೊಲ್ಲದಾಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ವಾಚಕರಿಗೆ ಈ ಪಾಡು ಹೊಸದಲ್ಲ. ಜೋಳದ ರಾಶಿಯ ಧೂಳು ಏಳುವದೂ ಅದೇ ದಿನಗಳಲ್ಲಿಯೇ.

ಇದರ ಕಾರಣವಿಷ್ಟೆ. ವೈರಸ್ ಎಂಬ ವಿಷಾಣುವು ಶ್ವಾಸನಾಳದ ಒಳಪೊರೆಯನ್ನು ಕೆಡಿಸುವದು. ವಿಷಾಣುವು ನಾಶವಾದರೂ ಪೊರೆಯು ಮರಳಿ ಬೆಳೆಯುವ ವರೆಗೆ ಅಲ್ಲಿಯ ನರಗಳು ಕೆರಳಿಯೇ ಇರುವವು. ತಣ್ಣನೆಯ ಗಾಳಿ, ಒಲೆಯ ಹೊಗೆ, ಒಗ್ಗರಣೆಯ ಘಾಟು ತಾಗಿದೊಡನೆ ಕೆಮ್ಮು ಏಳುವದು. ಇದು 3ರಿಂದ 8 ವಾರಗಳ ವರೆಗೆ ನಿಲ್ಲಬಹುದು. ಆಂಟಿಬಯೋಟಿಕ್ ಗುಳಿಗೆಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವವೇ ಹೊರತು ವೈರಸ್ಸನ್ನಲ್ಲ. ಆದುದರಿಂದ ಇಲ್ಲಿ ಅವು ನಿರರ್ಥಕ.

ಉಪಚಾರವು ಸುಲಭವಾದದ್ದು. ಮಲಗುವ ಮುನ್ನ ಒಂದು ಚಮಚ ಜೇನುತುಪ್ಪವು ಹಿತಕರ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಅದನ್ನು ನೆಕ್ಕಿಸಲೇ ಕೂಡದು; ಬೊಟ್ಯುಲಿಸಮ್ ಎಂಬ ಪ್ರಾಣಾಂತಿಕ ವಿಕಾರವು ಬರಬಹುದು. ಬೆಚ್ಚನೆಯ ನೀರು ಕುಡಿಯುವದು, ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವದು, ತಲೆಯನ್ನು ಎತ್ತರಿಸಿ ಮಲಗುವದು, ಬೀಡಿ ಬಿಡುವದು ಒಳ್ಳೆಯದು. ಕುದಿನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂಡ್ರಿಸಬಾರದು. ಮೈ ಸುಟ್ಟುಕೊಂಡ ಮಕ್ಕಳುಂಟು. ರಕ್ತದೊತ್ತಡಕ್ಕಾಗಿ ಎನಾಲಾಪ್ರಿಲ್, ರಾಮಿಪ್ರಿಲ್ ನುಂಗುವ ಹಿರಿಯರಿಗೆ ಆ ಗುಳಿಗೆಯಿಂದಲೇ ಒಣಕೆಮ್ಮು ಬರುವದುಂಟು. ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಆದರೆ ಕೆಮ್ಮೆಲ್ಲವೂ ಒಂದೇ ಅಲ್ಲ. ಚರಕಸಂಹಿತೆಯು ಕಾಸವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಕ್ಷಯಜವನ್ನೂ ಎಣಿಸಿದೆ. ಇದನ್ನು ಓದಿ ಬಲ್ಲ ನಾವೇ ಒಮ್ಮೆ ತಪ್ಪಿದೆವು. ನಮ್ಮ ಓಣಿಯ ನೇಕಾರನೊಬ್ಬನು, “ಮಾಸ್ತರ್ರ, ಕೆಮ್ಮು ಹೋಗವಲ್ದರೀ” ಎಂದಾಗ, “ಜ್ವರದ ಹಿಂದಿನ ಕೆಮ್ಮು, ತಾನೇ ಹೋಗತದ ತಗೋ” ಎಂದು ಜ್ಯೇಷ್ಠಮಧುವಿನ ತುಂಡು ಕೊಟ್ಟು ಕಳಿಸಿದೆವು. ಸಂಜೆಗೆ ಮೈ ಬಿಸಿಯಾಗುವದೋ, ಮೈ ಇಳಿದಿದೆಯೋ ಎಂದು ಕೇಳಲಿಲ್ಲ. ಮೂರು ತಿಂಗಳ ಮೇಲೆ ಕಫ ಪರೀಕ್ಷಿಸಿದಾಗ ಕ್ಷಯವೆಂದು ಗೊತ್ತಾಯಿತು. 6 ತಿಂಗಳ ಔಷಧದಿಂದ ಅವನು ಗುಣವಾದನು. ಅಷ್ಟರಲ್ಲಿ ಅವನ ಮಗಳಿಗೂ ರೋಗವು ತಗಲಿತ್ತು. ಆ ಹುಡುಗಿಯೂ ಈಗ ಗುಣಮುಖಳಾಗಿರುವಳು. ನಮ್ಮ ಮನಸ್ಸಿನ ಅಳುಕು ಮಾತ್ರ ಹೋಗಿಲ್ಲ.

ಆದುದರಿಂದ ಕೆಮ್ಮು 2 ವಾರ ದಾಟಿದರೆ ಸರಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿಸತಕ್ಕದ್ದು. ಅದಕ್ಕೆ ಹಣ ಬೇಡ. ಕಫದಲ್ಲಿ ರಕ್ತ, ಏದುಸಿರು, ಎದೆನೋವು, ಮರಳಿ ಬಂದ ಜ್ವರ ಕಂಡರೆ ಒಂದು ದಿನವೂ ಕಾಯಬಾರದು. ಮನೆಯ ಹಿರಿಯರು ಜೇನಿನ ಭರಣಿಗೆ ಕೈಯಿಡುವ ಮೊದಲು, “ಕೆಮ್ಮು ಬಂದು ಎಷ್ಟು ದಿನವಾಯಿತು?” ಎಂದು ಕೇಳುವ ರೂಢಿಯನ್ನಿಟ್ಟುಕೊಳ್ಳಲಿ.