ಆಪರೇಷನ್ ಆದ ಜಾಗದಲ್ಲಿ ಉಬ್ಬು: ಭಾರ ಎತ್ತಿದ್ದೇ ಕಾರಣವೇ? ಬೆಲ್ಟ್ ಕಟ್ಟಿದರೆ ವಾಸಿಯಾಗುತ್ತದೆಯೇ?

ಹೊಟ್ಟೆಯ ಆಪರೇಷನ್ ಆಗಿ ಒಂದೆರಡು ವರ್ಷವಾಗಿದೆ. ಹಳೆಯ ಹೊಲಿಗೆಯ ಹತ್ತಿರ ನಿಂತಾಗ, ಕೆಮ್ಮಿದಾಗ ಒಂದು ಉಬ್ಬು ಕಾಣುತ್ತದೆ, ಮಲಗಿದರೆ ಮಾಯವಾಗುತ್ತದೆ. "ಬಾಣಂತನದಲ್ಲಿ ಕೊಡಪಾನ ಎತ್ತಬೇಡ ಅಂದರೆ ಕೇಳಲಿಲ್ಲ" ಎಂದು ಮನೆಯವರು ಬೈಯುತ್ತಾರೆ. ವಾಟ್ಸಾಪಿನಲ್ಲಿ ಬೇರೆಯೇ ಸಲಹೆ ಬರುತ್ತದೆ: ಹರಳೆಣ್ಣೆ ಹಚ್ಚಿ, ಬೆಲ್ಟ್ ಕಟ್ಟಿ, ಆಪರೇಷನ್ ಬೇಡವೇ ಬೇಡ. ಎರಡನ್ನೂ ನಂಬುವ ಮೊದಲು ಇದನ್ನು ಓದಿ.

ಇದು ಏನು?

ನಮ್ಮ ಹೊಟ್ಟೆಯ ಮುಂಭಾಗ ಸ್ನಾಯು ಮತ್ತು ಗಟ್ಟಿ ಪದರಗಳಿಂದಾದ ಗೋಡೆ. ಆಪರೇಷನ್ ಮಾಡುವಾಗ ಅದನ್ನು ಕೊಯ್ದು ಮತ್ತೆ ಹೊಲಿಯುತ್ತಾರೆ. ಹೊರಗಿನ ಚರ್ಮ ಹತ್ತು ದಿನದಲ್ಲಿ ಕೂಡಿಕೊಂಡರೂ ಒಳಗಿನ ಗೋಡೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಷ್ಟು ಚೆನ್ನಾಗಿ ಕೂಡಿದರೂ ಆ ಜಾಗಕ್ಕೆ ಮೊದಲಿನ ಬಲ ಪೂರ್ತಿ ಮರಳುವುದಿಲ್ಲ. ಅಲ್ಲಿ ಬಿರುಕು ಬಿಟ್ಟು ಕರುಳು ಅಥವಾ ಕೊಬ್ಬು ಹೊರಗೆ ತಳ್ಳಿಕೊಂಡರೆ ಅದೇ ಇನ್ಸಿಷನಲ್ ಹರ್ನಿಯಾ.

ಇದು ಅಪರೂಪವಲ್ಲ. ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದು ಮಾಡಿದ ಆಪರೇಷನ್‌ಗಳಲ್ಲಿ 100ಕ್ಕೆ ಸುಮಾರು 10ರಿಂದ 20 ಜನರಿಗೆ ಬರಬಹುದು. ಸಿಸೇರಿಯನ್‌ಗೆ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಕೊಯ್ದರೆ ಸಾಧ್ಯತೆ ಬಹಳ ಕಡಿಮೆ. ಲ್ಯಾಪ್ರೋಸ್ಕೋಪಿಯ ಸಣ್ಣ ತೂತುಗಳಲ್ಲೂ, ಅದರಲ್ಲೂ ಹೊಕ್ಕುಳಿನ ಬಳಿ, ಕೆಲವೊಮ್ಮೆ ಬರುತ್ತದೆ.

"ಭಾರ ಎತ್ತಿದ್ದರಿಂದಲೇ ಬಂತು"

ಅರ್ಧ ಸತ್ಯ. ಮೊದಲ ಕೆಲವು ವಾರ ಭಾರ ಎತ್ತಬಾರದು ಎಂಬ ಸಲಹೆ ಸರಿಯೇ. ಆದರೆ ದೊಡ್ಡ ಕಾರಣಗಳು ಬೇರೆ ಇವೆ: ಗಾಯಕ್ಕೆ ಕೀವು ತುಂಬಿದ್ದು, ಬೊಜ್ಜು, ಬೀಡಿ ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹಳೆಯ ಕೆಮ್ಮು, ತುರ್ತಾಗಿ ಮಾಡಿದ ಆಪರೇಷನ್, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೊಯ್ದದ್ದು.

ಹೊಲಿಗೆ ಹಾಕುವ ರೀತಿಯೂ ಮುಖ್ಯ. ನೆದರ್ಲೆಂಡ್ಸ್‌ನಲ್ಲಿ 560 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೂರ ದೂರ ಹೊಲಿಗೆ ಹಾಕಿದವರಲ್ಲಿ ಒಂದು ವರ್ಷದೊಳಗೆ 21% ಜನರಿಗೆ ಹರ್ನಿಯಾ ಬಂತು. ಹತ್ತಿರ ಹತ್ತಿರ ಸಣ್ಣ ಹೊಲಿಗೆ ಹಾಕಿದವರಲ್ಲಿ ಅದು 13% ಮಾತ್ರ. ಹಾಗಾಗಿ ನೀರು ಹೊತ್ತಳೆಂದು ಸೊಸೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಬೈಗುಳಕ್ಕೆ ಹೆದರಿ ಎಷ್ಟೋ ಹೆಂಗಸರು ಉಬ್ಬನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಾರೆ. ಅಪಾಯ ಇರುವುದು ಅಲ್ಲಿ.

"ಬೆಲ್ಟ್, ಎಣ್ಣೆ, ವ್ಯಾಯಾಮದಿಂದ ಗುಣವಾಗುತ್ತದೆ"

ಸುಳ್ಳು. ಗೋಡೆಯಲ್ಲಿ ತೂತು ಬಿದ್ದರೆ ಮೇಲಿನಿಂದ ಎಣ್ಣೆ ಹಚ್ಚಿ ಮುಚ್ಚಲಾಗದು. ಬೆಲ್ಟ್ ಕಟ್ಟಿದರೆ ಓಡಾಡುವಾಗ ಸ್ವಲ್ಪ ಆರಾಮ ಸಿಗಬಹುದು, ತೂತು ಹಾಗೆಯೇ ಇರುತ್ತದೆ. ಹೊಟ್ಟೆ ಕರಗಿಸಲು ಜೋರಾಗಿ ಬಸ್ಕಿ ಹೊಡೆದರೆ ಒತ್ತಡ ಹೆಚ್ಚುತ್ತದೆ.

ಹಾಗೆಂದು ಎಲ್ಲರಿಗೂ ತಕ್ಷಣ ಆಪರೇಷನ್ ಬೇಕೆಂದಿಲ್ಲ. ಉಬ್ಬು ಸಣ್ಣದಿದ್ದು ತೊಂದರೆ ಕೊಡದಿದ್ದರೆ, ವಯಸ್ಸಾಗಿದ್ದರೆ ಅಥವಾ ಹೃದಯದ ಕಾಯಿಲೆ ಇದ್ದರೆ ಸರ್ಜನ್ ಕಾದು ನೋಡೋಣ ಎನ್ನಬಹುದು. ಆ ತೀರ್ಮಾನ ಪರೀಕ್ಷೆ ಮಾಡಿದ ಮೇಲಿನದ್ದಾಗಿರಬೇಕು.

ಈ ಲಕ್ಷಣ ಕಂಡರೆ ಕಾಯಬೇಡಿ

• ಮಲಗಿದರೂ ಉಬ್ಬು ಒಳಗೆ ಹೋಗುತ್ತಿಲ್ಲ, ಗಟ್ಟಿಯಾಗಿದೆ
• ಒಮ್ಮೆಲೇ ಜೋರು ನೋವು
• ಮೇಲಿನ ಚರ್ಮ ಕೆಂಪು ಅಥವಾ ಕಪ್ಪಾಗಿದೆ
• ವಾಂತಿ, ಹೊಟ್ಟೆ ಉಬ್ಬರ, ಮಲ ಅಥವಾ ಗಾಳಿ ಹೋಗುತ್ತಿಲ್ಲ

ಕರುಳು ಸಿಕ್ಕಿಹಾಕಿಕೊಂಡು ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯಲು ತೊಡಗುತ್ತದೆ. ಉಬ್ಬನ್ನು ಒತ್ತಿ ಒಳಗೆ ತಳ್ಳಬೇಡಿ, ತಿಕ್ಕಬೇಡಿ, ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ. 108ಕ್ಕೆ ಕರೆ ಮಾಡಿ. ಕಾಪುವಿನಿಂದ ಉಡುಪಿ ಹೆದ್ದಾರಿಯಲ್ಲಿ ಅರ್ಧ ಗಂಟೆಯ ದಾರಿ, ಕಾರ್ಕಳದಿಂದ ಮಣಿಪಾಲ ಒಂದು ಗಂಟೆಯದು. ಬೆಳಗಾಗಲಿ, ಬಸ್ಸು ಬರಲಿ ಎಂದು ಕೂರಬೇಡಿ.

ಚಿಕಿತ್ಸೆ ಹೇಗೆ?

ತೂತನ್ನು ಬರೀ ದಾರದಿಂದ ಹೊಲಿಯಬಹುದು, ಅಥವಾ ಮೆಶ್ ಇಡಬಹುದು. ಮೆಶ್ ಎಂದರೆ ಬಲೆಯೇ. ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ: ಹರಿದ ಬಲೆಯ ಅಂಚನ್ನು ಎಳೆದು ಕಟ್ಟಿದರೆ ಮತ್ತೆ ಅಲ್ಲೇ ಹರಿಯುತ್ತದೆ, ತುಂಡು ಸೇರಿಸಿ ಹೆಣೆದರೆ ನಿಲ್ಲುತ್ತದೆ. ಮೆಶ್‌ನ ಕಣ್ಣುಗಳ ನಡುವೆ ನಮ್ಮದೇ ಅಂಗಾಂಶ ಬೆಳೆದು ಗೋಡೆ ಗಟ್ಟಿಯಾಗುತ್ತದೆ. ಎರಡನ್ನೂ ಹೋಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವರ್ಷಗಳಲ್ಲಿ ಬರೀ ಹೊಲಿಗೆಯವರಲ್ಲಿ 63% ಜನರಿಗೆ ಹರ್ನಿಯಾ ಮತ್ತೆ ಬಂತು, ಮೆಶ್ ಇಟ್ಟವರಲ್ಲಿ 32% ಜನರಿಗೆ. ಅಂದರೆ ಮೆಶ್ ಉತ್ತಮ, ಆದರೆ ಅದೂ ಖಾತ್ರಿಯಲ್ಲ.

"ಮೆಶ್‌ನಿಂದ ಕ್ಯಾನ್ಸರ್" ಎಂಬ ಫಾರ್ವರ್ಡ್‌ಗೆ ಆಧಾರವಿಲ್ಲ. ಪಾಲಿಪ್ರೊಪಿಲೀನ್ ಮೆಶ್ ಹಲವು ದಶಕಗಳಿಂದ ಬಳಕೆಯಲ್ಲಿದೆ. ಸೋಂಕು, ಉಳಿದುಕೊಳ್ಳುವ ನೋವು, ಒಳಗೆ ಅಂಟಿಕೊಳ್ಳುವಿಕೆ ಮಾತ್ರ ನಿಜವಾದ ಸಾಧ್ಯತೆಗಳು. ಇವುಗಳ ಬಗ್ಗೆ ಸರ್ಜನ್‌ರನ್ನು ಕೇಳಿ. ಸಣ್ಣ ಮತ್ತು ಮಧ್ಯಮ ಹರ್ನಿಯಾಕ್ಕೆ ಲ್ಯಾಪ್ರೋಸ್ಕೋಪಿ ಸಾಕಾಗಬಹುದು. ಬಹಳ ದೊಡ್ಡದಾದರೆ ಸಿ.ಟಿ. ಸ್ಕ್ಯಾನ್ ಮಾಡಿ, ಸ್ನಾಯು ಪದರಗಳನ್ನು ಬಿಡಿಸಿ ನಡುವಿಗೆ ತರುವ ದೊಡ್ಡ ಆಪರೇಷನ್ ಬೇಕಾಗುತ್ತದೆ. ಸಣ್ಣದಿರುವಾಗಲೇ ತೋರಿಸಿ ಎನ್ನುವುದು ಇದಕ್ಕೇ.

ಆಪರೇಷನ್‌ಗೆ ಮೊದಲು ನಿಮ್ಮ ಕೈಯಲ್ಲಿರುವುದು

ಕನಿಷ್ಠ 4 ವಾರ ಮೊದಲೇ ಬೀಡಿ ಸಿಗರೇಟು ಬಿಡಿ. ಸಕ್ಕರೆ ಹತೋಟಿಗೆ ತನ್ನಿ, ತೂಕ ಇಳಿಸಿ, ಕೆಮ್ಮು ಮತ್ತು ಮಲಬದ್ಧತೆಗೆ ಮದ್ದು ಮಾಡಿ. ಆಪರೇಷನ್ ನಂತರ ಬೇಗ ಎದ್ದು ನಡೆಯಿರಿ, ಮಲಗಿಯೇ ಇರುವುದು ಒಳ್ಳೆಯದಲ್ಲ. ಮೀನಿನ ಬುಟ್ಟಿ, ಭತ್ತದ ಮೂಟೆ, ಗ್ಯಾಸ್ ಸಿಲಿಂಡರ್ ಎತ್ತುವುದು ಯಾವಾಗಿನಿಂದ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ಸಾಮಾನ್ಯವಾಗಿ 4ರಿಂದ 6 ವಾರ ಬಿಡುವು ಬೇಕು.

ಎಲ್ಲಿ ತೋರಿಸುವುದು?

ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಕಾರ್ಕಳದ ತಾಲೂಕು ಆಸ್ಪತ್ರೆ ಅಥವಾ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ತೋರಿಸಬಹುದು. ಹಳೆಯ ಆಪರೇಷನ್‌ನ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಸೌಲಭ್ಯ ಸಿಗುತ್ತದೆಯೇ, ಸರಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂದು ಮೊದಲೇ ವಿಚಾರಿಸಿ.

ಕೊನೆಯದಾಗಿ: ನಿಮ್ಮ ಮನೆಯಲ್ಲಿ ಹೊಟ್ಟೆಯ ಆಪರೇಷನ್ ಆದ ಅಮ್ಮನೋ ಅಕ್ಕನೋ ಇದ್ದರೆ, ಹೊಲಿಗೆಯ ಹತ್ತಿರ ಉಬ್ಬು ಕಾಣುತ್ತದೆಯೇ ಎಂದು ಇಂದೇ ಒಮ್ಮೆ ಕೇಳಿ. ಬೆಲ್ಟಿನ ಜಾಹೀರಾತಿಗಿಂತ ಫಾರ್ವರ್ಡ್ ಮಾಡಬೇಕಾದದ್ದು ಆ ಪ್ರಶ್ನೆ.