ಶೋಕೇಸಲ್ಲಿ ಅಗ್ಫಾ, ಅಟ್ಟದಲ್ಲಿ ಊರು

ಹಳೇ ಜರ್ಮನ್ ಕ್ಯಾಮೆರಾ ಕಂಡ್ರೆ ನಮ್ಮ ಐಟಿ ಮಂದಿಗೆ ಈಗೀಗ ಭಕ್ತಿ ಉಕ್ಕಿ ಬರ್ತಿದೆ. ಹಬ್ಬಕ್ಕೆ ಅಂತ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಂದವರು ಅಜ್ಜನ ಮನೆ ಅಟ್ಟ ಹತ್ತಿ ಅಗ್ಫಾ ಐಸೊಲೆಟ್ ಏನಾದ್ರೂ ಇದೆಯಾ ಅಂತ ಹುಡುಕ್ತಾರೆ. ಸಿಕ್ಕಿದ್ರೆ ಒರೆಸಿ, ಇನ್‌ಸ್ಟಾಗ್ರಾಮಿಗೆ ಹಾಕಿ, ಶೋಕೇಸಲ್ಲಿ ಕೂರಿಸ್ತಾರೆ. ಪಕ್ಕದಲ್ಲೇ ಇದ್ದ ಬಿಸ್ಕೆಟ್ ಡಬ್ಬಿಯ ನೆಗೆಟಿವ್‌ಗಳು? ಅವು ಕಸ!

ಎಂಥಾ ತಲೆಕೆಳಗಾದ ಲೆಕ್ಕ ಮಾರಾಯ್ರೆ ಇದು?

ಐಸೊಲೆಟ್ ಅಂಥ ಅಪರೂಪದ ವಸ್ತುವೇನಲ್ಲ. ಯುದ್ಧ ಮುಗಿದ ಮೇಲೆ ಮ್ಯೂನಿಕ್ಕಿನ ಅಗ್ಫಾ ಕಾರ್ಖಾನೆ ಸಾಮಾನ್ಯ ಗೃಹಸ್ಥರಿಗೆ ಅಂತ ರಾಶಿ ರಾಶಿ ತಯಾರಿಸಿದ ಮಡಚುವ ಕ್ಯಾಮೆರಾ. 120 ಫಿಲ್ಮ್ ರೋಲಿಗೆ 12 ಚೌಕ ಫೋಟೋ. ಬೆಲ್ಲೋಸಿನ ಮೂಲೆಗಳಲ್ಲಿ ತೂತು ಬೀಳೋದು, ಲೆನ್ಸಿನ ಹಸಿರು ಗ್ರೀಸ್ ಗಟ್ಟಿಯಾಗಿ ಫೋಕಸ್ ತಿರುಗದೇ ಇರೋದು ಅದರ ಹುಟ್ಟುಗುಣ. ಕೆಟ್ಟರೆ ಇಂಟರ್ನೆಟ್ಟಲ್ಲಿ ಇನ್ನೊಂದು ಸಿಗುತ್ತೆ. ನೆಗೆಟಿವ್ ಮಾತ್ರ ಜಗತ್ತಿಗೆಲ್ಲ ಒಂದೇ.

ನಮ್ಮ ಕಡೆ ಈ ಮಾತಿಗೆ ತೂಕ ಜಾಸ್ತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಸಾಗರ, ಹೊಸನಗರದ ಎಷ್ಟೋ ಊರುಗಳು ಶರಾವತಿ ಪಾಲಾದವು. ಬಿರುಬೇಸಿಗೆಯಲ್ಲಿ ನೀರಿಳಿದರೆ ಮಡೆನೂರಿನ ಹಳೇ ಡ್ಯಾಂ ಆದರೂ ತಲೆ ಎತ್ತುತ್ತೆ. ಮನೆ, ಅಂಗಳ, ತೋಟ ವಾಪಸ್ ಬರಲ್ಲ. ಯಾರದೋ ಮದುವೆ ಫೋಟೋದ ಹಿಂದೆ ಅಕಸ್ಮಾತ್ತಾಗಿ ಬಿದ್ದ ಜಗಲಿಯೇ ಆ ಮನೆಯ ಕೊನೇ ಗುರುತು ಆಗಿರಬಹುದು.

ಮಲೆನಾಡಿನ ಮಳೆಯಂತೂ ಯಾರಿಗೂ ಕಾಯಲ್ಲ. ಆಗುಂಬೆ ಇರೋದು ನಮ್ಮ ತೀರ್ಥಹಳ್ಳಿ ತಾಲೂಕಲ್ಲೇ ತಾನೇ? ಆ ತೇವಕ್ಕೆ ಫಿಲ್ಮಿನ ಜೆಲಟಿನ್ ಮೇಲೆ ಬೂಷ್ಟು ಹಿಡಿಯುತ್ತೆ. ಅಸಿಟೇಟ್ ಕೊಳೆತು ವಿನೆಗರ್ ವಾಸನೆ ಹೊಡೆಯೋಕೆ ಶುರುವಾದರೆ ಮತ್ತೆ ಸರಿಮಾಡೋಕಾಗಲ್ಲ.

'ಫಿಲ್ಮಿಗೊಂದು ಆತ್ಮ ಇದೆ' ಅನ್ನೋರು ಇದಾರೆ. ಇರಲಿ, ಒಪ್ಪಿದೆ. ಆದರೆ ಅದಿರೋದು ಬಿಸ್ಕೆಟ್ ಡಬ್ಬಿಯಲ್ಲಿ. 'ಟೈಮ್ ಎಲ್ಲಿದೆ' ಅನ್ನೋರಿಗೆ ಒಂದು ಲೆಕ್ಕ: ಐಸೊಲೆಟ್ಟಿನ ಚೌಕ ನೆಗೆಟಿವನ್ನು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 2.8 ಕೋಟಿ ಪಿಕ್ಸೆಲ್ ಸಿಗುತ್ತೆ. ಅಜ್ಜನ ಮುಖ ಗೋಡೆಯಷ್ಟು ದೊಡ್ಡದು ಮಾಡಬಹುದು. ಸ್ಕ್ಯಾನರ್ ಇಲ್ವಾ? ಲ್ಯಾಪ್‌ಟಾಪಿನ ಬಿಳಿ ಸ್ಕ್ರೀನಿಗೆ ಎರಡಿಂಚು ಮುಂದೆ ಹಿಡಿದು ಮೊಬೈಲಲ್ಲೇ ತೆಗೀರಿ, ಕಪ್ಪು-ಬಿಳುಪು ಅದಲು ಬದಲು ಮಾಡಿ. ಏನೂ ಇಲ್ಲದ್ದಕ್ಕಿಂತ ವಾಸಿ.

ಆಮೇಲೆ ಅಜ್ಜಿ ಪಕ್ಕ ಕೂತು, ಯಾರು, ಯಾವ ಊರು ಅಂತ ಕೇಳಿ ಬರ್ಕೊಳಿ. ಬೂಷ್ಟಿಗಾದ್ರೂ ಇನ್ನೊಂದೆರಡು ಮಳೆಗಾಲ ಬೇಕು. ಹೆಸರು ಹೇಳೋರು ಅಷ್ಟು ದಿನ ಇರ್ತಾರೆ ಅಂತ ಗ್ಯಾರಂಟಿ ಇಲ್ಲ.