ಊರಿನ ಠರಾವು, ನಾಡಿನ ಸೆರೆಮನೆ

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸ್ಯಾನ್ ಹೋಸೆ ನಗರದಲ್ಲಿ ನನ್ನ ದೊಡ್ಡಮ್ಮನ ಮಗ ನೆಲೆಸಿದ್ದಾನೆ. ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾನೆ. 2024ರ ಅಕ್ಟೋಬರಿನಲ್ಲಿ, ನವರಾತ್ರಿ ಕಳೆದ ಮೇಲೊಂದು ಭಾನುವಾರ, ಅವನು ದೂರವಾಣಿಯಲ್ಲಿ ಕರೆದು, "ಏನಪ್ಪಾ ಮೇಷ್ಟ್ರೇ, ನನಗೊಂದು ಧರ್ಮಸಂಕಟ ಬಂದಿದೆ. ನಿನ್ನ ಕಾವ್ಯಗಳಲ್ಲಿ ಇದಕ್ಕೆ ಉತ್ತರ ಉಂಟೋ ಹೇಗೆ, ನೋಡು" ಎಂದನು.

ಸಂಗತಿ ಇಷ್ಟೆ. ಮಗನ ಮನೆಗೆಂದು ಹೋಗಿದ್ದ ದೊಡ್ಡಮ್ಮನನ್ನು ಪರಿಚಿತರೊಬ್ಬರು ಬೊಂಬೆಯಾರತಿಗೆ ಕರೆದಿದ್ದರು. ದಾರಿಯಲ್ಲಿ ಹೂವು ಕೊಳ್ಳಲು ಒಂದು ಅಂಗಡಿ ಹೊಕ್ಕರು. ತಳ್ಳುಗಾಡಿಯ ಮೇಲಿಟ್ಟ ಕೈಚೀಲ, ಕಣ್ಣು ಅತ್ತ ತಿರುಗಿಸಿ ಇತ್ತ ತಿರುಗಿಸುವುದರೊಳಗೆ ಮಾಯವಾಯಿತು. ಅದರೊಳಗಿದ್ದುದು ಒಂದಿಷ್ಟು ಹಣ, ಮತ್ತು ದೊಡ್ಡಮ್ಮನ ತಾಯಿ ಮದುವೆಯಲ್ಲಿ ಕೊಟ್ಟಿದ್ದ ಬೆಳ್ಳಿಯ ಕುಂಕುಮದ ಭರಣಿ. ದೂರು ಕೊಟ್ಟುದಾಯಿತು, ದೂರಿಗೊಂದು ಸಂಖ್ಯೆ ಬಂದಿತು, ಆಮೇಲೆ ಏನೂ ಬರಲಿಲ್ಲ. ಕಾಯಿದೆಯ ತಕ್ಕಡಿಯಲ್ಲಿ ಆ ಭರಣಿಯ ತೂಕ 950 ಡಾಲರಿಗೆ ಬಹಳ ಕೆಳಗೆ. ಆದಕಾರಣ ಅದು ಲಘು ಅಪರಾಧ.

ಅದೇ ವಾರ ಅಣ್ಣನ ಮನೆಗೆ ಅಂಚೆಯಲ್ಲಿ ಮತಪತ್ರ ಬಂದಿತ್ತು. ಕ್ಯಾಲಿಫೋರ್ನಿಯದಲ್ಲಿ ಮತದಾರರು ಪ್ರತಿನಿಧಿಗಳನ್ನು ಆರಿಸುವುದಷ್ಟೇ ಅಲ್ಲ, ಕೆಲವು ಕಾಯಿದೆಗಳನ್ನು ತಾವೇ ನೇರವಾಗಿ ಮಾಡುತ್ತಾರೆ, ಮುರಿಯುತ್ತಾರೆ. ಆ ಸಲದ 36ನೆಯ ಪ್ರಸ್ತಾಪ, ಹಿಂದೆ ಎರಡು ಬಾರಿ ಕಳವಿಗಾಗಿ ದಂಡನೆ ಹೊಂದಿದವನು ಮತ್ತೆ ಕದ್ದರೆ, ಕದ್ದ ವಸ್ತುವಿನ ಬೆಲೆ ಎಷ್ಟೇ ಇರಲಿ, ಅದನ್ನು ಘೋರಾಪರಾಧವೆಂದೇ ನಡೆಸಲು ಅವಕಾಶ ಕೊಡುವಂಥದು. ಸ್ಯಾನ್ ಹೋಸೆ, ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಡಿಯೇಗೊ ನಗರಗಳ ಮೇಯರುಗಳು ಅದನ್ನು ಬಹಿರಂಗವಾಗಿ ಬೆಂಬಲಿಸಿದ್ದರು. ಅವರದೇ ಪಕ್ಷಕ್ಕೆ ಸೇರಿದ ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ವಿರೋಧಿಸಿದ್ದರು. "ಊರಿನ ಮೇಯರು ಹೌದೆನ್ನುತ್ತಾನೆ, ನಾಡಿನ ಗವರ್ನರು ಅಲ್ಲವೆನ್ನುತ್ತಾನೆ. ನಾನು ಯಾರ ಮಾತು ಕೇಳಲಿ?" ಎಂಬುದು ಅಣ್ಣನ ಪ್ರಶ್ನೆ.

ನಾನು ಕೂಡಲೇ ಉತ್ತರ ಹೇಳಲಿಲ್ಲ. ಆದರೆ ಊರಿಗೂ ನಾಡಿಗೂ ಈ ಭೇದವೇಕೆ ಎಂಬ ಕುತೂಹಲ ಮಾತ್ರ ಬಿಡಲಿಲ್ಲ. ಓದುತ್ತ ಹೋದಂತೆ, ಇದು ಮೂವತ್ತು ವರ್ಷಗಳ ಹಿಂದೆ ಒಬ್ಬ ಬಾಲೆಯ ಕೊಲೆಯಿಂದ ಬಿಸಿಯೇರಿದ ಚರ್ಚೆಯೆಂಬುದು ತಿಳಿಯಿತು.

1993ರ ಅಕ್ಟೋಬರ್ 1ರ ರಾತ್ರಿ, ಪೆಟಲೂಮ ಎಂಬ ಸಣ್ಣ ಊರಿನಲ್ಲಿ, ಹನ್ನೆರಡು ವರ್ಷದ ಪಾಲಿ ಕ್ಲಾಸ್ ಎಂಬ ಹುಡುಗಿಯನ್ನು ಅವಳ ಮನೆಯಿಂದಲೇ ಒಬ್ಬನು ಅಪಹರಿಸಿ ಕೊಂದನು. ಅವನು ಹಿಂದೆಯೂ ಅಪಹರಣಕ್ಕಾಗಿ ಹದಿನಾರು ವರ್ಷಗಳ ಶಿಕ್ಷೆ ಹೊಂದಿ, ಅದರ ಅರ್ಧವನ್ನು ಕಳೆದು, ಅದೇ ವರ್ಷದ ಜೂನಿನಲ್ಲಿ ಪೆರೋಲಿನ ಮೇಲೆ ಹೊರಬಂದಿದ್ದವನು. ಇದಕ್ಕೆ ಮುಂಚೆ, 1992ರಲ್ಲಿ, ಫ್ರೆಸ್ನೊ ನಗರದಲ್ಲಿ ಮೈಕ್ ರೇನಾಲ್ಡ್ಸ್ ಎಂಬವರ ಹದಿನೆಂಟು ವರ್ಷದ ಮಗಳು ಇಂತಹುದೇ ಹಳೆಯ ಅಪರಾಧಿಯ ಗುಂಡಿಗೆ ಬಲಿಯಾಗಿದ್ದಳು. ಆ ತಂದೆ ಒಂದು ಕಾಯಿದೆಯ ಕರಡನ್ನು ಹಿಡಿದು ಮನೆಮನೆಯ ಬಾಗಿಲು ತಟ್ಟುತ್ತಿದ್ದ ಹೊತ್ತಿಗೆ ಪಾಲಿಯ ಸುದ್ದಿ ಬಂದಿತು. ಬಾಗಿಲುಗಳು ತಾವಾಗಿಯೇ ತೆರೆದವು. 1994ರ ಮಾರ್ಚಿನಲ್ಲಿ ಶಾಸನಸಭೆಯ ಮೂಲಕವೂ, ನವೆಂಬರಿನಲ್ಲಿ ಜನರ ಮತದಿಂದಲೂ 'ಮೂರನೆಯ ಏಟಿನ ಕಾಯಿದೆ' ಸಿದ್ಧವಾಯಿತು. ಹಿಂದೆ ಎರಡು ಗಂಭೀರ ಅಪರಾಧಗಳನ್ನು ಮಾಡಿದವನು ಮೂರನೆಯ ಸಲ ಯಾವುದೇ ಘೋರಾಪರಾಧ ಮಾಡಲಿ, ಇಪ್ಪತ್ತೈದು ವರ್ಷಗಳಿಂದ ಆಜೀವ ಪರ್ಯಂತ ಸೆರೆ.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ಆ ನವೆಂಬರಿನ ಮತದಾನದಲ್ಲಿ ಈ ಕಾಯಿದೆಯನ್ನು ವಿರೋಧಿಸಿದವರಲ್ಲಿ ಪಾಲಿಯ ತಂದೆ ಮಾರ್ಕ್ ಕ್ಲಾಸ್ ಒಬ್ಬರು! ಮೊದಲು ಒಪ್ಪಿದ್ದ ಅವರು, ಹಿಂಸೆಯಿಲ್ಲದ ಅಪರಾಧವೂ ಮೂರನೆಯ ಏಟಾಗಿ ಎಣಿಸಲ್ಪಡುವುದೆಂದು ತಿಳಿದ ಮೇಲೆ ಹಿಂದೆ ಸರಿದರು. ಮಗಳನ್ನು ಕಳೆದುಕೊಂಡ ಇಬ್ಬರು ತಂದೆಯರು, ಇಬ್ಬರದೂ ಒಂದೇ ದುಃಖ. ಆದರೂ ಎರಡು ನಿರ್ಣಯ. ನೊಂದವರೆಲ್ಲರೂ ಒಂದೇ ಮಾತನ್ನಾಡುವರೆಂದು ನಾವು ಭಾವಿಸುವುದು ಸುಲಭ, ಅದು ನಿಜವಲ್ಲ.

ಕಾಯಿದೆಯ ಬಲೆಗೆ ಕ್ರೂರಿಗಳು ಬಿದ್ದರು; ಜತೆಗೆ ಬೇರೆಯವರೂ ಬಿದ್ದರು. ಒಬ್ಬನು ಮೂರು ಗಾಲ್ಫ್ ಕೋಲುಗಳನ್ನು ಷರಾಯಿಯೊಳಗೆ ಅಡಗಿಸಿಕೊಂಡು ಕುಂಟುತ್ತ ಅಂಗಡಿಯಿಂದ ಹೊರಬಿದ್ದನು. ಇಪ್ಪತ್ತೈದು ವರ್ಷಗಳಿಂದ ಆಜೀವ ಸೆರೆ. ಇನ್ನೊಬ್ಬನು ಸುಮಾರು 153 ಡಾಲರು ಬೆಲೆಯ ವೀಡಿಯೊ ಸುರುಳಿಗಳನ್ನು ಎರಡು ಸಲವಾಗಿ ಕದ್ದನು. ಐವತ್ತು ವರ್ಷಗಳಿಂದ ಆಜೀವ ಸೆರೆ. ಇಬ್ಬರೂ ಸಾಧುಗಳಲ್ಲ, ಹಳೆಯ ಕಳ್ಳರೇ. 2003ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಎರಡು ಶಿಕ್ಷೆಗಳನ್ನೂ ಎತ್ತಿಹಿಡಿಯಿತು. ಐವರು ಹೌದೆಂದರು, ನಾಲ್ವರು ಅಲ್ಲವೆಂದರು.

ಇನ್ನು ಊರಿನ ಮಾತಿಗೆ ಬರೋಣ. ಅಲ್ಲಿಯ ಪೌರಸಭೆಗೆ ದಂಡಸಂಹಿತೆಯ ಒಂದಕ್ಷರವನ್ನೂ ತಿದ್ದುವ ಅಧಿಕಾರವಿಲ್ಲ. ಆದರೂ ಪೆರೋಲು ಬಿಗಿಯಾಗಲಿ, ಶಿಕ್ಷೆ ಹೆಚ್ಚಲಿ ಎಂದು ಹಲವು ಪೌರಸಭೆಗಳು ಠರಾವು ಮಾಡುತ್ತ ಬಂದಿವೆ. ಬಹಿರಂಗ ಸಭೆಯಲ್ಲಿ ತಮ್ಮ ಅಭಿಪ್ರಾಯವನ್ನು ಗೊತ್ತುಮಾಡಲು ಅವುಗಳಿಗೆ ಅಡ್ಡಿಯಿಲ್ಲ. ಸಾರ್ವಜನಿಕ ಹಣದಿಂದ ಪ್ರಚಾರ ಮಾತ್ರ ನಡೆಸಕೂಡದು. ಠರಾವಿನ ಕಾರಣವೂ ಸ್ಪಷ್ಟವಾಗಿದೆ. ಕಳವಾದ ಅಂಗಡಿಯವನು ನಾಡಿನ ರಾಜಧಾನಿಗೆ ಹೋಗುವುದಿಲ್ಲ. ಊರಿನ ಸಭೆಗೆ ಬಂದು ಮೇಜು ಗುದ್ದುತ್ತಾನೆ. ಪೊಲೀಸರು ಊರಿನವರು, ಸಂಬಳ ಊರಿನದು, ಬೈಗುಳವೂ ಊರಿಗೇ.

ಆದರೆ ಸೆರೆಮನೆ ಯಾರದು? ಊರಿನದಲ್ಲ. ಘೋರಾಪರಾಧಿಯನ್ನು ಇಡುವ ಕಾರಾಗೃಹ ನಾಡಿನ ಸರಕಾರದ್ದು. ಒಬ್ಬ ಬಂದಿಯನ್ನು ಒಂದು ವರ್ಷ ಇಡಲು ಈಗ ತಗಲುವ ವೆಚ್ಚ 1 ಲಕ್ಷ ಡಾಲರಿಗೂ ಮಿಕ್ಕದ್ದು. ಶಿಕ್ಷೆಯನ್ನು ಕೇಳುವ ಕೈ ಒಂದು, ತೆರುವ ಕೈ ಇನ್ನೊಂದು. ಬೇರೆಯವರ ಮನೆಯ ಊಟಕ್ಕೆ ಅತಿಥಿಗಳನ್ನು ಕರೆಯುವವನಿಗೆ ಎಲೆಗಳ ಲೆಕ್ಕವೇಕೆ?

ಲೆಕ್ಕ ಕಡೆಗೊಮ್ಮೆ ಬಂದೇ ಬಂದಿತು. ಸುಮಾರು 80 ಸಾವಿರ ಮಂದಿಗೆಂದು ಕಟ್ಟಿದ ಸೆರೆಮನೆಗಳಲ್ಲಿ ಅದಕ್ಕೆ ಇಮ್ಮಡಿಯಷ್ಟು ಜನರನ್ನು ತುರುಕಲಾಗಿತ್ತು. ಔಷಧೋಪಚಾರವಿಲ್ಲದೆ ಬಂದಿಗಳು ಸಾಯುತ್ತಿದ್ದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಜನಸಂಖ್ಯೆಯನ್ನು ಇಳಿಸಲೇಬೇಕೆಂದು ತೀರ್ಪಿತ್ತಿತು. ಅದೇ ವರ್ಷ ನಾಡಿನ ಸರಕಾರ ಸಣ್ಣ ಅಪರಾಧಿಗಳ ಹೊಣೆಯನ್ನು ಕೌಂಟಿಗಳಿಗೆ, ಎಂದರೆ ನಮ್ಮ ಜಿಲ್ಲೆಯಂತಹ ಘಟಕಗಳಿಗೆ, ದಾಟಿಸಿತು. 2012ರಲ್ಲಿ ಮೂರನೆಯ ಏಟು ಗಂಭೀರವಾಗಿರಬೇಕೆಂದು ಜನರೇ ತಿದ್ದಿದರು. 2014ರಲ್ಲಿ 950 ಡಾಲರಿನ ಒಳಗಿನ ಕಳವು ಲಘು ಅಪರಾಧವಾಯಿತು. 2016ರಲ್ಲಿ ಹಿಂಸಾಪರಾಧ ಮಾಡದವರಿಗೆ ಪೆರೋಲು ಬೇಗನೆ ದೊರೆಯುವಂತಾಯಿತು. ಈ ಕಡೆಯ ಸುಧಾರಣೆಯನ್ನು ಮುಂದಿಟ್ಟವರು ಗವರ್ನರ್ ಜೆರಿ ಬ್ರೌನ್. 1976ರಲ್ಲಿ, ಯುವಕರಾಗಿ ಅದೇ ಪೀಠದಲ್ಲಿದ್ದಾಗ, ಇಂತಿಷ್ಟು ಅಪರಾಧಕ್ಕೆ ಇಂತಿಷ್ಟೇ ವರ್ಷವೆಂಬ ಗಣಿತದ ಶಿಕ್ಷಾಪದ್ಧತಿಗೆ ಸಹಿ ಹಾಕಿದವರೂ ಅವರೇ. ಪಾಲಿಯ ಕೊಲೆಗಾರನು ಹೊರಬಂದದ್ದು ಯಾವ ಮಂಡಳಿಯ ಕರುಣೆಯಿಂದಲೂ ಅಲ್ಲ, ಆ ಗಣಿತದಿಂದ. ನಲವತ್ತು ವರ್ಷಗಳ ತರುವಾಯ ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡ ರಾಜಕಾರಣಿ ಅಪರೂಪ.

2020ರಲ್ಲಿ ಪೆರೋಲನ್ನು ಮರಳಿ ಬಿಗಿಗೊಳಿಸುವ ಪ್ರಸ್ತಾಪ ಬಂದಾಗ ಜನ ತಿರಸ್ಕರಿಸಿದರು. ನಾಲ್ಕೇ ವರ್ಷಗಳಲ್ಲಿ ಗಾಳಿ ತಿರುಗಿ, 2024ರ ನವೆಂಬರಿನಲ್ಲಿ 36ನೆಯ ಪ್ರಸ್ತಾಪಕ್ಕೆ ನೂರಕ್ಕೆ ಸುಮಾರು 68 ಮತಗಳು ಬಿದ್ದವು. ಮಾದಕವಸ್ತುವಿನ ಚಟಕ್ಕೆ ಬಿದ್ದವರು ಚಿಕಿತ್ಸೆಯನ್ನು ಮುಗಿಸಿದರೆ ಆರೋಪ ರದ್ದಾಗುವ ಒಳ್ಳೆಯ ಅಂಶವೂ ಅದರಲ್ಲಿದೆ. ಆದರೆ ಚಿಕಿತ್ಸೆಗೆ ಬೇಕಾದ ನಿಧಿಯನ್ನು ಆ ಪ್ರಸ್ತಾಪ ಒದಗಿಸಲಿಲ್ಲ. ಮತ್ತೆ ಅದೇ ಎಲೆಗಳ ಲೆಕ್ಕ!

ಹಾಗಾದರೆ ದಂಡ ಸಡಿಲವಾಗಿರಲೆಂದು ನನ್ನ ವಾದವೇ? ಅಲ್ಲ. ತೀಕ್ಷ್ಣವಾದ ದಂಡದಿಂದ ಪ್ರಜೆಗಳು ಉದ್ವೇಗಗೊಳ್ಳುವರು, ಮೃದುವಾದ ದಂಡವನ್ನು ತಿರಸ್ಕರಿಸುವರು, ತಕ್ಕ ದಂಡವನ್ನು ಗೌರವಿಸುವರು ಎಂಬುದು ಕೌಟಿಲ್ಯನ ಅಭಿಪ್ರಾಯ. ಆ ಅಂಗಡಿಯವನ ಕೋಪ ಸುಳ್ಳಲ್ಲ. ದೊಡ್ಡಮ್ಮನ ಕಣ್ಣೀರೂ ಸುಳ್ಳಲ್ಲ. ಆದರೆ ನಮ್ಮ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯೊಂದಿದೆ. ಹೆಸರಿನಲ್ಲಿ ಚೋರ, ಬಿರುದಿನಲ್ಲಿ ರಿಸಿ. ಕಳ್ಳನು ಕಡೆಯವರೆಗೂ ಕಳ್ಳನೇ ಎಂದು ಆ ಹಳೆಯ ಕಥೆಗಾರನು ತೀರ್ಮಾನಿಸಲಿಲ್ಲ. ಪೆರೋಲಿನ ತಿರುಳೂ ಅದೇ: ಮನುಷ್ಯನನ್ನು ಎರಡನೆಯ ಸಲ ನೋಡುವುದು. ಕಣ್ಣು ಮುಚ್ಚಿ ಬಿಡುವುದು ಹೇಗೆ ನೋಡುವುದಲ್ಲವೋ, ಕಣ್ಣು ಮುಚ್ಚಿ ಬಾಗಿಲಿಕ್ಕುವುದೂ ಹಾಗೆಯೇ ನೋಡುವುದಲ್ಲ.

ಪೌರಸಭೆ ಠರಾವು ಮಾಡಲಿ. ಅದು ನೊಂದವರ ದನಿ. ಆದರೆ ಠರಾವಿನ ಕೊನೆಗೆ ಎರಡು ಸಾಲು ಕೂಡಿಸಲಿ. ಇದರ ವೆಚ್ಚದಲ್ಲಿ ನಮ್ಮ ಪಾಲು ಎಷ್ಟು ಎಂಬುದೊಂದು. ಕಳ್ಳನನ್ನು ಹಿಡಿಯುವ, ನಮ್ಮದೇ ಕೈಯಲ್ಲಿರುವ ಕೆಲಸವನ್ನು ನಾವು ಎಷ್ಟರಮಟ್ಟಿಗೆ ಮಾಡಿದ್ದೇವೆ ಎಂಬುದಿನ್ನೊಂದು. ಸಿಕ್ಕಿಬೀಳುವ ಭಯವಿಲ್ಲದವನಿಗೆ ಶಿಕ್ಷೆ ಆರು ತಿಂಗಳಾದರೇನು, ಆರು ವರ್ಷವಾದರೇನು?

ಚುನಾವಣೆ ಮುಗಿದ ಮೇಲೆ ಅಣ್ಣನನ್ನು ವಿಚಾರಿಸಿದೆ. "ಹೌದು ಎಂದೇ ಗುರುತು ಹಾಕಿದೆ ಕಣೋ. ಅಮ್ಮನ ಮುಖ ನೋಡಿ ಬೇರೆ ಹಾಕಲಾಗಲಿಲ್ಲ" ಎಂದನು. ನಾನು ಅವನನ್ನು ಆಕ್ಷೇಪಿಸಲಿಲ್ಲ. ಆ ಮನೆಯಲ್ಲಿದ್ದಿದ್ದರೆ ನನ್ನ ಕೈಯೂ ಅಲ್ಲಿಯೇ ಗುರುತು ಹಾಕುತ್ತಿತ್ತೋ ಏನೋ. ಆಮೇಲೆ ದೊಡ್ಡಮ್ಮ ದೂರವಾಣಿಯನ್ನು ತೆಗೆದುಕೊಂಡರು. ಪ್ರಸ್ತಾಪ ಗೆದ್ದಿತೆಂದು, ಇನ್ನು ಮೇಲೆ ಕಳ್ಳರಿಗೆ ಶಿಕ್ಷೆ ಹೆಚ್ಚೆಂದು ನಾನು ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು:

"ಅದೆಲ್ಲ ಇರಲಿ ಮಗು, ನನ್ನ ಭರಣಿ ಕದ್ದವನನ್ನು ಹಿಡಿದರೇನು?"